ಕಾಗೆ ಮುಟ್ಟಿದ ಒಂಬತ್ತು ತಿಂಗಳು

ನನ್ನ ಮಗಳ ಹೊಟ್ಟೇಲಿ ಗಡ್ಡೆ ಇತ್ತಂತೆ. ನಮ್ಮತ್ತೆ ಲೋಕಮ್ಮ ಊರಿಗೆಲ್ಲ ಹಾಗೇ ಹೇಳ್ಕೊಂಡು ಬಂದಿದಾರೆ. ಮೂರು ವರ್ಷ ದಾಟಿತು, ಇವತ್ತಿಗೂ ನಲ್ಲಿ ಹತ್ರ ಯಾರಾದ್ರೂ "ಕರುಣಾ ಹೆಂಗದಾಳೆ ಅಜ್ಜಿ" ಅಂದ್ರೆ ಸಾಕು, "ಗಡ್ಡೆ ತೆಗೆದ್ರವ್ವ, ಈಗ ಆರಾಮ್ ಅದಾಳೆ" ಅಂತಾರೆ. ಗಡ್ಡೆಗೆ ಪೊಲೀಸರು ಯಾಕೆ ಬಂದ್ರು, ಗಡ್ಡೆ ತೆಗೆದಿದ್ದಕ್ಕೆ ಅವರ ಮಗಳ ಮಗ ಲೋಕೇಶ ಯಾಕೆ ಜೈಲಿಗೆ ಹೋದ ಅಂತ ಎದುರಿಗೆ ಕೇಳೋರು ಯಾರೂ ಇಲ್ಲ. ಬೆನ್ನ ಹಿಂದೆ ಕೇಳಬೇಡಿ, ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಆ ಗಡ್ಡೆಗೆ ಎರಡು ಕೈ, ಎರಡು ಕಾಲು ಇತ್ತು. ತಲೆ ತುಂಬ ಕೂದಲಿತ್ತು. ಹೆಣ್ಣು. ನಾನು ನೋಡಿದೀನಿ, ಅದಕ್ಕೇ ಹೇಳ್ತಿದೀನಿ.

ನಾನು ವನಜಮ್ಮ. ಹುಟ್ಟಿದ್ದು ಸೊರಬದ ಕಡೆ, ಕೊಟ್ಟಿದ್ದು ಶಿಕಾರಿಪುರ ತಾಲ್ಲೂಕಿಗೆ, ತಾಳಗುಂದದಿಂದ ಎರಡು ಮೈಲಿ. ಮೊದಮೊದಲು ನಾನು "ಇದೆ" ಅಂದ್ರೆ ಅತ್ತೆ "ಐತೆ ಅನ್ನೇ, ಏನ್ ದೊಡ್ಡ ಪ್ಯಾಟೆಯೋಳಂಗೆ" ಅಂತ ತಿದ್ದೋರು. ಅವರು ತಿದ್ದದೆ ಬಿಟ್ಟಿದ್ದು ನನ್ನಲ್ಲಿ ಯಾವುದೂ ಉಳಿದಿಲ್ಲ. ಗಂಡನ ಹೆಸರು ಹೇಳಬಾರದಂತೆ, ಹೇಳ್ತೀನಿ: ಯಲ್ಲಪ್ಪ. ಎರಡೂವರೆ ಎಕರೆ ಗದ್ದೆ, ನಲವತ್ತು ಕುರಿ. ಕುರಿ ಹೊಟ್ಟೆ ಮೇಲೆ ಒಂದು ಸಲ ಕೈಯಿಟ್ಟು ನೋಡಿದ್ರೆ ಗಬ್ಬ ಆಗಿದೆಯೋ ಇಲ್ಲವೋ, ಇನ್ನೆಷ್ಟು ದಿನಕ್ಕೆ ಮರಿ ಹಾಕುತ್ತೆ ಅಂತ ಹೇಳೋ ಮನುಷ್ಯ. ಅಕ್ಕಪಕ್ಕದ ಊರಿನವರೂ ಬಂದು ಕರ್ಕೊಂಡು ಹೋಗ್ತಾರೆ. ಮನೇಲಿ ಮಾತ್ರ ಹೆಂಗಸರ ವಿಷಯಕ್ಕೆ ತಲೆ ಹಾಕೋರಲ್ಲ. ಅದು ಮರ್ಯಾದೆ ಅಂತ ಅವರೂ ತಿಳ್ಕೊಂಡಿದ್ರು, ನಾನೂ ತಿಳ್ಕೊಂಡಿದ್ದೆ.

ಆ ಮನೇಲಿ ತಿಂಗಳು ತಿಂಗಳು ಕಾಗೆ ಬರ್ತಿತ್ತು. ಹೆಂಗಸರು ಹೊರಗಾದಾಗ ಮಕ್ಕಳಿಗೆ ಹೇಳೋ ಮಾತು ಅದು, "ಅಮ್ಮನ್ನ ಕಾಗೆ ಮುಟ್ಟೈತೆ, ಹತ್ರ ಹೋಗಬ್ಯಾಡ" ಅಂತ. ಊರಲ್ಲಿ ಎಷ್ಟೋ ಮನೆಯವರು ಇದನ್ನೆಲ್ಲ ಬಿಟ್ಟು ಹತ್ತು ವರ್ಷ ಆಗಿತ್ತು. ನಮ್ಮತ್ತೆ ಬಿಡಲಿಲ್ಲ. ಕುರಿ ರೊಪ್ಪದ ಪಕ್ಕ ಒಂದು ಕೋಣೆ, ಅದರಲ್ಲಿ ಗೊಬ್ಬರದ ಚೀಲ, ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಮೂರು ದಿನ ಅಲ್ಲೇ. ಊಟ ಹೊಸ್ತಿಲಿಂದಾಚೆ ತಳ್ಳೋದು. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಬರೋದು.

ಕರುಣಾಗೆ ಮೂರೋ ನಾಲ್ಕೋ ವರ್ಷ ಇದ್ದಾಗಿನ ಮಾತು. ನಾನು ಆ ಕೋಣೇಲಿ ಕೂತಿದ್ದೆ, ಅವಳು ಅಂಗಳದಲ್ಲಿ ನಿಂತು ಅಳ್ತಿದ್ಲು. ಅತ್ತೆ ಕಾಗೆ ಕಥೆ ಹೇಳಿದ್ರು. ಇವಳು ಅಳೋದು ನಿಲ್ಲಿಸಿ, ಕಲ್ಲು ಆರಿಸ್ಕೊಂಡು ಬಂದು, ಬೇವಿನ ಮರದ ಮೇಲಿದ್ದ ಕಾಗೆಗಳಿಗೆ ಹೊಡೆಯೋಕೆ ಶುರು ಮಾಡಿದ್ಲು. ಅಮ್ಮನ್ನ ಯಾಕೆ ಮುಟ್ಟಿದ್ರಿ, ಅಮ್ಮನ್ನ ಯಾಕೆ ಮುಟ್ಟಿದ್ರಿ ಅಂತ ಬೈತಾ ಬೈತಾ. ಒಂದು ಕಲ್ಲೂ ಮರದವರೆಗೆ ಹೋಗಲಿಲ್ಲ. ನಾವೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ಈಗ ನೆನೆಸಿಕೊಂಡ್ರೆ ನಮ್ಮ ಮನೇಲಿ ಬುದ್ಧಿ ಇದ್ದವಳು ಅವಳೊಬ್ಬಳೇ ಅನ್ಸುತ್ತೆ.

ಹದಿಮೂರಕ್ಕೆ ದೊಡ್ಡವಳಾದ್ಲು. ಅವಳದು ಹುಣ್ಣಿಮೆ ಲೆಕ್ಕ. ಹುಣ್ಣಿಮೆ ಹಿಂದೆ ಮುಂದೆ ಒಂದು ದಿನ, ತಪ್ಪಿದ್ದೇ ಇಲ್ಲ. ಅತ್ತೆಗೆ ಅದೇ ಒಂದು ಹೆಮ್ಮೆ. "ನನ್ ಮೊಮ್ಮಗಳು ಪಂಚಾಂಗ ಇದ್ದಂಗೆ ಕಣೇ" ಅಂತ ಬಂದವರಿಗೆಲ್ಲ ಹೇಳೋರು. ಹೇಳಿದ ಮಾತು ಕೇಳೋ ಹುಡುಗಿ ನಮ್ಮ ಕರುಣಾ. ಹತ್ತನೇ ಕ್ಲಾಸಲ್ಲಿ ಎಪ್ಪತ್ತೆಂಟು ಪರ್ಸೆಂಟ್ ತಗೊಂಡು ಶಿಕಾರಿಪುರಕ್ಕೆ ಕಾಲೇಜಿಗೆ ಸೇರಿದ್ಲು. ನರ್ಸ್ ಆಗ್ತೀನಿ ಅಂತಿದ್ಲು. ನೋಡಿ ಹಣೆಬರಹ.

ಲೋಕೇಶನ ವಿಷಯ ಹೇಳಿಬಿಡ್ತೀನಿ, ಬಾಯಿ ಕಹಿಯಾದ್ರೂ. ಅವನು ನನ್ನ ನಾದಿನಿ ಹುಲಿಯಮ್ಮನ ಮಗ. ಕರುಣಾಗಿಂತ ಏಳು ವರ್ಷ ದೊಡ್ಡವನು. ಇವಳು ತೊಟ್ಟಿಲಲ್ಲಿದ್ದಾಗಿಂದ ಅತ್ತೆ "ನಿನ್ ಗಂಡ ಬಂದ ನೋಡೇ, ನೀರು ಕೊಡು" ಅಂತ ತಮಾಷೆ ಮಾಡೋರು. ಎಲ್ಲರ ಮನೇಲೂ ಮಾಡೋ ತಮಾಷೇನೇ. ಆ ವರ್ಷ ಸಂಕ್ರಾಂತಿಗೆ ಅವನು ಟ್ರ್ಯಾಕ್ಟರ್ ತಂದ, ಮೆಕ್ಕೆಜೋಳ ಸಾಗಿಸೋಕೆ. ಒಂದು ವಾರ ಇದ್ದ. ನಾನೇ ಹೋಳಿಗೆ ಬಡಿಸಿದೆ. ಆಮೇಲೆ ಎಲ್ಲ ಮುಗಿದ ಮೇಲೆ ನಾನು ಕರುಣಾನ್ನ ಕೇಳಿದೆ, ಒಂದು ಸಲ ಕೂಗಬಾರದಿತ್ತೇನೇ, ಬೇಡ ಅನ್ನಬಾರದಿತ್ತೇನೇ ಅಂತ. "ಅಜ್ಜಿನೇ ಗಂಡ ಅಂತಿದ್ರಲ್ಲಮ್ಮ" ಅಂದ್ಲು. ಹದಿನಾರು ವರ್ಷದ ಹುಡುಗಿ. ನಮ್ಮ ತಮಾಷೆಯನ್ನ ಅವನು ಅಪ್ಪಣೆ ಅಂದ್ಕೊಂಡ, ಇವಳು ಹಣೆಬರಹ ಅಂದ್ಕೊಂಡ್ಲು.

ಫೆಬ್ರವರಿ ಹುಣ್ಣಿಮೆ ಬಂತು. ಕರುಣಾ ಎಂದಿನ ಹಾಗೆ "ಅಮ್ಮಾ, ಹೊರಗಾದೆ" ಅಂದ್ಲು, ಹೋಗಿ ಕೋಣೇಲಿ ಕೂತ್ಲು. ಮಾರ್ಚಿಗೂ ಕೂತ್ಲು. ಏಪ್ರಿಲ್‌ಗೂ. ನಾನು ತಟ್ಟೆ ತಳ್ಳಿದೆ, ಅತ್ತೆ ನೀರು ತಳ್ಳಿದ್ರು. ಮೂರು ದಿನ ಆದಮೇಲೆ ಬಟ್ಟೆ ತೊಳೆದು ಬೇಲಿ ಮೇಲೆ ಹರವಿದ್ಲು. ತೊಳೆದ ಬಟ್ಟೇಲಿ ಕಲೆ ಇತ್ತೋ ಇಲ್ಲವೋ ಅಂತ ಯಾರು ನೋಡ್ತಾರೆ? ಅದನ್ನ ನೋಡೋದೂ ಮೈಲಿಗೆಯೇ.

ಕಳ್ಳತನ ಅಂದ್ಕೋಬೇಡಿ. ನಾನೂ ಮೊದಲು ಹಾಗೇ ಅಂದ್ಕೊಂಡು ಅವಳನ್ನ ಬಾಯಿಗೆ ಬಂದ ಹಾಗೆ ಬೈದೆ. ಅವಳು ಹೇಳಿದ್ದು ಇಷ್ಟೇ. "ಕೂತ್ರೆ ಬರುತ್ತೆ ಅನ್ಕೊಂಡೆ ಅಮ್ಮ. ಲೆಕ್ಕಕ್ಕೆ ಸರಿಯಾಗಿ ಹೋಗಿ ಕೂತ್ರೆ ತಾನಾಗೇ ಬರುತ್ತೆ, ಏನೂ ಆಗಿರಲ್ಲ ಅನ್ಕೊಂಡೆ." ಒಂಬತ್ತು ಹುಣ್ಣಿಮೆ ಆ ಮಗು ಹೀಗೆ ಕಾದಿದ್ದಾಳೆ. ಹೊಟ್ಟೆ ಒಳಗೆ ಒದ್ದರೆ ಗ್ಯಾಸ್ ಅಂದ್ಕೊಂಡಿದ್ದಾಳೆ. ನರ್ಸ್ ಆಗ್ತೀನಿ ಅಂದವಳು!

ಅವಳು ಮಗು, ಬಿಡಿ. ನನಗೇನಾಗಿತ್ತು? ಎರಡು ಹೆತ್ತವಳು ನಾನು, ಒಂದನ್ನ ಕಳ್ಕೊಂಡವಳು. ಬೆಳಿಗ್ಗೆ ವಾಂತಿ ಮಾಡಿದ್ರೆ ಪಿತ್ತ ಅಂದೆ, ನಿಂಬೆಹಣ್ಣು ಕೊಟ್ಟೆ. ಸೊಂಟ ದಪ್ಪ ಆದ್ರೆ "ಬಸ್ ಸ್ಟ್ಯಾಂಡಿನ ಬೇಕರಿ ತಿಂಡಿ ಮೈಗೆ ಹತ್ತಿದೆ" ಅಂತ ರೇಗಿಸಿದೆ. ಮಳೆಗಾಲ ಪೂರ್ತಿ ಅಪ್ಪನ ಸ್ವೆಟರ್ ಹಾಕ್ಕೊಂಡು ತಿರುಗಿದ್ಲು, ಶೀತ ಅಂದ್ಲು, ಹೌದು ಅಂದೆ. ಒಂದೊಂದು ಸಲ ಎದೆಯಲ್ಲಿ ಚುರ್ ಅಂತಿತ್ತು. ಆಗೆಲ್ಲ ಏನು ಮಾಡ್ತಿದ್ದೆ ಹೇಳಲಾ? ಹುಣ್ಣಿಮೆ ನೆನೆಸಿಕೊಳ್ತಿದ್ದೆ. ಮೊನ್ನೆ ತಾನೇ ಕೂತಿದ್ಲಲ್ಲ, ನಾನೇ ತಟ್ಟೆ ತಳ್ಳಿದೆನಲ್ಲ ಅಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಮ್ಮೂರಿನ ಆಶಾ ಕಾರ್ಯಕರ್ತೆ ದ್ಯಾಮಮ್ಮ ಮಾತ್ರ ಕಣ್ಣು ಮುಚ್ಚಲಿಲ್ಲ. ಆಗಸ್ಟಲ್ಲಿ ಬಸುರಿಯರ ಪಟ್ಟಿ ಬರ್ಕೊಳ್ಳೋಕೆ ಬಂದವಳು, ಅಂಗಳ ಗುಡಿಸ್ತಿದ್ದ ಕರುಣಾನ್ನ ಬಹಳ ಹೊತ್ತು ನೋಡಿದ್ಲು. ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ, "ವನಜಕ್ಕ, ತಪ್ಪು ತಿಳ್ಕೋಬೇಡ. ಹುಡುಗೀನ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡು ಬಾ. ನಾನೂ ಜೊತೆಗೆ ಬರ್ತೀನಿ" ಅಂದ್ಲು.

ಅತ್ತೆ ಕಿವಿ ಮೊದಲೇ ಚುರುಕು. "ಏನಂದೆ? ಇನ್ನೊಂದ್ಸಲ ಅನ್ನು" ಅಂತ ಪೊರಕೆ ಹಿಡ್ಕೊಂಡೇ ಬಂದ್ರು. "ನಾಲಿಗೆಗೆ ಎಲುಬಿಲ್ಲ ಅಂತ ಏನ್ ಬೇಕಾದ್ರೂ ಮಾತಾಡ್ತೀಯಾ? ಮೊನ್ನೆ ಹುಣ್ಣಿಮೆಗೆ ನನ್ ಮೊಮ್ಮಗಳು ಹೊರಗೆ ಕೂತಿದ್ಲು. ಊರೇ ನೋಡೈತೆ. ನಡಿ ಆಚೆ!"

ದ್ಯಾಮಮ್ಮ ನನ್ನ ಮುಖ ನೋಡಿದ್ಲು. ನಾನು ಒಂದು ಮಾತು ಆಡಿದ್ರೆ ಸಾಕಿತ್ತು. ಆಡಿದೆ. "ನಮ್ಮನೆ ಹುಡುಗಿ ಮೇಲೆ ಕಣ್ಣು ಹಾಕಬೇಡ ದ್ಯಾಮಮ್ಮ, ನಿನ್ನ ಮನೆ ನೀನು ನೋಡ್ಕೋ" ಅಂದೆ. ಅವಳು ಪುಸ್ತಕ ಮುಚ್ಚಿಕೊಂಡು ಹೋದ್ಲು. ಹೋಗೋವಾಗ "ಯಾವತ್ತು ಬೇಕಾದ್ರೂ ಫೋನ್ ಮಾಡು ಅಕ್ಕ" ಅಂದಿದ್ಲು. ಆ ನಂಬರ್ ನನ್ನ ಫೋನಲ್ಲೇ ಇತ್ತು.

ಅಕ್ಟೋಬರ್ ಬಂತು. ಭೂಮಿ ಹುಣ್ಣಿಮೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗದ್ದೇಲಿ ಭತ್ತ ಹೊಡೆ ತುಂಬಿರುತ್ತೆ, ಭೂಮ್ತಾಯಿ ತುಂಬಿದ ಬಸುರಿ, ಅವಳಿಗೆ ಬಯಕೆ ಊಟ ಬಡಿಸೋ ಹಬ್ಬ. ನಮ್ಮತ್ತೆಗೆ ಯುಗಾದಿ, ದೀಪಾವಳಿ ಎಲ್ಲ ಆಮೇಲೆ. ಹದಿನೈದು ದಿನದಿಂದ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೆದಿದ್ರು. ಹಿಂದಿನ ರಾತ್ರಿ ತಲೆಗೆ ನೀರು ಹಾಕ್ಕೊಂಡು ಮಡಿಯಲ್ಲಿ ಅಡಿಗೆಗೆ ನಿಂತ್ರೆ ಬೆಳಗಿನವರೆಗೆ. ಬೆರಕೆ ಸೊಪ್ಪು, ಕಡುಬು, ಬುತ್ತಿ, ಹೋಳಿಗೆ. ಬಸುರಿ ಬಾಯಿಗೆ ರುಚಿ ಹತ್ತಬೇಕು ಅಂತ ಹುಳಿ ಒಂದು ಹಿಡಿ ಜಾಸ್ತಿ.

ಹುಣ್ಣಿಮೆ ಅಂದಮೇಲೆ ಕರುಣಾ ಹೊರಗಿರಲೇಬೇಕಲ್ಲ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಕೂತಿದ್ಲು.

ಬೆಳಕು ಹರಿಯೋ ಹೊತ್ತಿಗೆ ಬುಟ್ಟಿ ತುಂಬ್ತಾ ಇದ್ವಿ. ಕೋಣೆಯಿಂದ ಕೂಗಿದ್ಲು. "ಅಮ್ಮಾ, ಸೊಂಟ ಮುರಿಯಂಗೆ ಆಗ್ತೈತೆ. ಒಂದ್ ಸ್ವಲ್ಪ ಬಾ ಅಮ್ಮ."

ನಾನು ಹೋದೆ. ಒದ್ದೆ ಸೀರೆಯಲ್ಲಿ ಹೊಸ್ತಿಲವರೆಗೆ ಹೋದೆ. ಅವಳು ಗೊಬ್ಬರದ ಚೀಲಕ್ಕೆ ಒರಗಿ, ಮೊಣಕಾಲು ಎದೆಗೆ ಅವುಚಿಕೊಂಡು ಕೂತಿದ್ಲು. ಹಣೆ ಮೇಲೆ ಬೆವರು. ಕೈ ಚಾಚಿದ್ಲು.

"ಹೊಸ್ತಿಲು ದಾಟಬ್ಯಾಡ!" ಹಿಂದಿನಿಂದ ಅತ್ತೆ. "ಮುಟ್ಟಿದ್ರೆ ಎಡೆ ಎಲ್ಲ ಮೈಲಿಗೆ. ಮತ್ತೆ ಮೊದಲಿಂದ ಬೇಯಿಸ್ತೀಯಾ? ಹೊತ್ತು ಹುಟ್ಟೋದ್ರೊಳಗೆ ಗದ್ದೇಲಿರಬೇಕು. ಹೆಣ್ಣುಮಕ್ಕಳಿಗೆ ಹೊಟ್ಟೆನೋವು ಇದ್ದಿದ್ದೇ. ಓಮದ ಕಷಾಯ ಕೊಟ್ಟು ಬಾ."

ನಾನು ಕಷಾಯ ತಂದೆ. ಲೋಟನ ಹೊಸ್ತಿಲ ಮೇಲಿಟ್ಟು ಕೋಲಲ್ಲಿ ಒಳಗೆ ತಳ್ಳಿದೆ. ಅರ್ಧ ಚೆಲ್ಲಿತು. "ಕುಡಿದು ಮಲಗು, ಗದ್ದೆಗೆ ಹೋಗಿ ಬೇಗ ಬಂದುಬಿಡ್ತೀನಿ" ಅಂದೆ. ಅವಳು ಚಾಚಿದ ಕೈ ಹಿಂದಕ್ಕೆ ತಗೊಂಡ್ಲು. ಇಡೀ ನನ್ನ ಜನ್ಮದಲ್ಲಿ ಒಂದು ಗಳಿಗೆ ವಾಪಸ್ ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ, ನನಗೆ ಅದು ಬೇಕು. ಅದೊಂದೇ ಸಾಕು.

ಗದ್ದೇಲಿ ಅತ್ತೆ ಭತ್ತದ ಬುಡಕ್ಕೆ ನನ್ನ ರೇಷ್ಮೆ ಸೀರೆ ಸುತ್ತಿದ್ರು, ಹಸಿರು ಬಳೆ ಇಟ್ರು, ಹೂ ಮುಡಿಸಿದ್ರು. ಎರಡೂ ಕೈಯಲ್ಲಿ ತೆನೆ ಸವರಿದ್ರು, ಎಷ್ಟು ಮೆತ್ತಗೆ ಅಂತೀರಿ. "ನಮ್ಮವ್ವ, ಸುಖವಾಗಿ ಹೆರು ತಾಯಿ" ಅಂದ್ರು. ಬೆರಕೆ ಸೊಪ್ಪಿನ ಚರಗ ಗದ್ದೆ ನಾಲ್ಕೂ ಕಡೆ ಬೀರಿದ್ವಿ. ಕಾಗೆಗೂ ಒಂದು ಎಡೆ ಇಡಬೇಕು, ಅದು ಪದ್ಧತಿ. ಬದುವಿನ ಮೇಲೆ ಬಾಳೆಲೆ ಹಾಕಿ ಕಾ ಕಾ ಅಂತ ಕರೆದ್ವಿ. ಆವತ್ತು ಯಾಕೋ ಬೇಗ ಬರಲಿಲ್ಲ. ಅತ್ತೆ ಕಾಗೆ ಮುಟ್ಟದೆ ಏಳೋದಿಲ್ಲ ಅಂತ ಕೂತ್ರು. ನಾನೂ ಕೂತೆ. ಎರಡು ಸಲ ಎದ್ದು ಮನೆ ಕಡೆ ನೋಡಿದೆ, ಮತ್ತೆ ಕೂತೆ. ಒಂದು ಗಂಟೆ ಆಗಿರಬೇಕು.

ಮನೆಗೆ ಬಂದಾಗ ಒಂಬತ್ತು ಹೊಡೆದಿತ್ತು. ರೊಪ್ಪದಲ್ಲಿ ಕುರಿಗಳೆಲ್ಲ ಎದ್ದು ನಿಂತು ಕೋಣೆ ಕಡೆ ಮುಖ ಮಾಡಿದ್ವು. ನಾನು ಹೊಸ್ತಿಲಲ್ಲಿ ನಿಂತೆ.

ಚಾಪೆ ಎಲ್ಲ ಕೆಂಪಾಗಿತ್ತು. ಕರುಣಾ ಗೋಡೆಗೆ ಅಂಟಿಕೊಂಡು ಕೂತಿದ್ಲು, ಸುಣ್ಣದ ಬಣ್ಣ ಬಂದಿತ್ತು ಮುಖಕ್ಕೆ. ಪಕ್ಕದಲ್ಲಿ ಖಾಲಿ ಚೀಲದ ಮೇಲೆ ಅವಳ ವೇಲು ಹೊದಿಸಿ ಏನೋ ಇತ್ತು. ನಾನು ಒಳಗೆ ಕಾಲಿಟ್ಟೆ. ಅವಳು ಗಾಬರಿಯಾಗಿ ಕೈ ಅಡ್ಡ ಹಿಡಿದ್ಲು.

"ಮುಟ್ಟಬೇಡ ಅಮ್ಮ. ಕಾಗೆ ಮುಟ್ಟೈತೆ. ನಿನಗೂ ಮೈಲಿಗೆ ಆಗುತ್ತೆ." ಆಮೇಲೆ ತೊದಲಿಕೊಂಡು, "ಈ ಸಲ ಬಾಳ ಹೋಯ್ತು ಅಮ್ಮ" ಅಂದ್ಲು.

ನಾನು ವೇಲು ಎತ್ತಿದೆ. ಅಯ್ಯೋ ನನ್ನವ್ವ. ಅದು ಇನ್ನೂ ಬಿಸಿ ಇತ್ತು. ಬೆರಳು ಮಡಚಿಕೊಂಡಿತ್ತು. ಎತ್ತಿ ತಟ್ಟಿದೆ, ಬಾಯೊಳಗೆ ಬೆರಳು ಹಾಕಿದೆ, ಊದಿದೆ, ತಲೆಕೆಳಗೆ ಮಾಡಿದೆ. ಏನೇನೂ ಇಲ್ಲ. ಆಮೇಲೆ ಕೊಯ್ದು ನೋಡಿದ ಡಾಕ್ಟರು ಬರೆದ್ರು, ಮಗು ಜೀವಂತವಾಗಿ ಹುಟ್ಟಿತ್ತು, ಅರ್ಧ ಗಂಟೆಗಿಂತ ಜಾಸ್ತಿ ಉಸಿರಾಡಿತ್ತು ಅಂತ. ಯಾರಾದ್ರೂ ಒಬ್ಬರು ಎತ್ತಿ ಬಾಯಿ ಒರೆಸಿದ್ರೆ ಬದುಕ್ತಿತ್ತು ಅಂತ ಅವರೇ ಬಾಯಲ್ಲಿ ಹೇಳಿದ್ರು. ಆ ಅರ್ಧ ಗಂಟೆ ನಾನು ಬದುವಿನ ಮೇಲೆ ಕಾಗೆ ಕಾಯ್ತಿದ್ದೆ.

ಅತ್ತೆ ಅಂಗಳದಲ್ಲೇ ನಿಂತು "ಏನೇ ಅದು, ಏನೇ ಅದು" ಅಂತಿದ್ರು. ನಾನು ತಂದು ತೋರಿಸಿದೆ. ಒಂದು ಸಲ ನೋಡಿದ್ರು. ಮುಖ ತಿರುಗಿಸಿ, "ಗಡ್ಡೆ" ಅಂದ್ರು. ಅಲ್ಲಿಂದಲೇ ಶುರುವಾಗಿದ್ದು ಅದು. ಗದ್ದೆಯಿಂದ ಬುಟ್ಟಿ ಹೊತ್ತು ಹಿಂದೆ ಬರ್ತಿದ್ದ ಯಲ್ಲಪ್ಪ ಓಡಿಬಂದು ಬಾಗಿಲ ಕಂಬ ಹಿಡ್ಕೊಂಡು ಕೂತುಬಿಟ್ರು. ನಾನೇ ದ್ಯಾಮಮ್ಮನಿಗೆ ಫೋನ್ ಮಾಡಿದೆ. ಹತ್ತೇ ನಿಮಿಷಕ್ಕೆ ಆಂಬುಲೆನ್ಸ್ ಜೊತೆಗೇ ಬಂದ್ಲು. ಒಂದು ಚುಚ್ಚು ಮಾತು ಆಡಲಿಲ್ಲ, ನೇರ ಒಳಗೆ ಹೋಗಿ ನನ್ನ ಮಗಳನ್ನ ತಬ್ಬಿಕೊಂಡು ಎತ್ತಿದ್ಲು. ಅವಳು ಇಲ್ದಿದ್ರೆ ಕರುಣಾನೂ ಉಳಿತಿರಲಿಲ್ಲ.

ಕರುಣಾ ಈಗ ಸೊರಬದಲ್ಲಿ ನನ್ನ ಅಣ್ಣನ ಮನೇಲಿದಾಳೆ. ಪೇಟೇಲಿ ಒಂದು ಅಂಗಡೀಲಿ ರವಿಕೆಗೆ ಹುಕ್ಕು, ಕಾಜಾ ಹಾಕ್ತಾಳೆ. ಕಾಲೇಜು ಅಲ್ಲಿಗೇ ನಿಂತಿತು. ಲೋಕೇಶ ಜಾಮೀನಿನ ಮೇಲೆ ಬಂದಿದಾನೆ, ಕೇಸು ನಡೀತಿದೆ. ಹುಲಿಯಮ್ಮ ನಮ್ಮ ಮನೆ ಮೆಟ್ಟಿಲು ಹತ್ತಲ್ಲ, ನನ್ನ ಮಗನ ಬಾಳು ಹಾಳು ಮಾಡಿದ್ರಿ ಅಂತ ಶಾಪ ಹಾಕ್ತಾಳೆ. ಹಾಕ್ಲಿ. ನಾನು ಕೋಣೆ ಕೆಡವಿಸಿದೆ, ಸ್ವಂತ ಕೈಯಲ್ಲಿ ಹಾರೆ ಹಾಕಿ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ, ಹಾಗೆ. ಸೊರಬಕ್ಕೆ ಹೋದಾಗೆಲ್ಲ ಮಗಳ ತಲೆ ಬಾಚ್ತೀನಿ, ಕೈ ಹಿಡ್ಕೊಂಡು ಕೂರ್ತೀನಿ. ಬೇಡ ಅನ್ನಲ್ಲ ಅವಳು. ಆದರೆ ನಾನು ಮುಟ್ಟಿದ ಕೂಡಲೇ ಒಂದು ಗಳಿಗೆ ಮೈ ಬಿಗಿ ಮಾಡ್ತಾಳೆ.

ಒಂದು ಮಾತು ಉಳಿದಿದೆ. ಆವತ್ತು ಶಿಕಾರಿಪುರದ ಆಸ್ಪತ್ರೇಲಿ ನಡೆದದ್ದು. ಕರುಣಾಗೆ ರಕ್ತ ಹಾಕಿದ್ರು, ಕಣ್ಣು ಬಿಟ್ಟಿದ್ಲು. ಲೇಡಿ ಡಾಕ್ಟರು ಒಂದು ಕಾಗದ ಹಿಡ್ಕೊಂಡು ಬಂದ್ರು. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮಂಚದ ಪಕ್ಕ ಬಗ್ಗಿ, "ಕೊನೇ ಮುಟ್ಟು ಯಾವಾಗ ಪುಟ್ಟಾ?" ಅಂತ ಕೇಳಿದ್ರು.

"ನಿನ್ನೆ" ಅಂದ್ಲು ಕರುಣಾ.

ಡಾಕ್ಟರು ಪೆನ್ನು ಕೆಳಗಿಟ್ರು. ಆಮೇಲೆ ನನ್ನ ಕಡೆ ತಿರುಗಿದ್ರು. "ನೀವು ತಾಯಿ ಅಲ್ವೇನಮ್ಮ? ನೀವಾದ್ರೂ ನೆನಪು ಮಾಡ್ಕೊಂಡು ಹೇಳಿ. ಕೊನೇ ಮುಟ್ಟು ಯಾವಾಗ?"

ಅವರು ಕೇಳಿದ್ದೇನು ಅಂತ ನನಗೆ ಗೊತ್ತಿತ್ತು. ಎರಡು ಹೆತ್ತವಳಿಗೆ ಗೊತ್ತಾಗಲ್ವಾ? ಆದರೆ ಕಿವಿಗೆ ಬಿದ್ದಿದ್ದು ಬೇರೆ. ನೆನಪು ಮಾಡ್ಕೊಂಡೆ. ಹೋದ ವರ್ಷದ ದೀಪಾವಳಿಯಿಂದ ಈಚೆಗೆ ಒಂದೊಂದೇ ದಿನ ನೆನಪು ಮಾಡ್ಕೊಂಡೆ.

"ಯುಗಾದಿ ದಿನ ಮೇಡಂ" ಅಂದೆ. "ನಾನೇ ಅವಳ ತಲೆಗೆ ಎಣ್ಣೆ ಹಚ್ಚಿದ್ದೆ."

ಅವರು ಏಪ್ರಿಲ್ ಅಂತ ಬರ್ಕೊಂಡು ಬೆರಳಲ್ಲಿ ತಿಂಗಳು ಎಣಿಸಿದ್ರು. "ತಾಳೆ ಆಗ್ತಿಲ್ವಲ್ಲಮ್ಮ, ಮಗು ತುಂಬಿದ ತಿಂಗಳದ್ದು. ಸರಿಯಾಗಿ ಯೋಚನೆ ಮಾಡಿ."

ಸರಿಯಾಗೇ ಯೋಚನೆ ಮಾಡಿದೆ. ಮತ್ತೆ ಅದನ್ನೇ ಹೇಳಿದೆ. ಯುಗಾದಿ ದಿನ.